ಮುಂಬೈಯಲ್ಲಿ ಚರ್ಚ್ ಸದಸ್ಯತ್ವ: ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಕನ್ನಡ ಆರಾಧನೆ ಮುಗಿದ ಮೇಲೆ ಬಾಗಿಲ ಪಕ್ಕದ ಮೇಜಿನಲ್ಲಿ ಸದಸ್ಯರ ರಿಜಿಸ್ಟರ್ ಇಟ್ಟುಕೊಂಡು ಕೂರುವುದು ನನ್ನ ಪಾಲಿನ ಕೆಲಸ. ಗದಗ, ಹುಬ್ಬಳ್ಳಿ, ಬೀದರ್, ಕಲಬುರಗಿ, ಮಂಗಳೂರು, ಉಡುಪಿ, ಯಾವ ಕಡೆಯಿಂದ ಬಂದವರೇ ಆಗಲಿ, ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಒಂದೇ ಉತ್ತರ ಎಷ್ಟು ಸಲ ಹೇಳೋದು, ಅದಕ್ಕೇ ಬರೆದಿಟ್ಟಿದ್ದೇನೆ. ಪುಣೆ, ಗೋವಾದಲ್ಲಿ ಇರುವವರಿಗೂ ಬಹುಪಾಲು ಇದೇ ಲೆಕ್ಕ. ವ್ಯತ್ಯಾಸ ಇದ್ದ ಕಡೆ ಹೇಳಿದ್ದೇನೆ.

ಮೊದಲೇ ಒಂದು ವಿಷಯ. ಜನ ಸದಸ್ಯತ್ವ ಕೇಳಿಕೊಂಡು ಬರುವುದು ಮದುವೆಗೆ ಮೂರು ವಾರ ಬಾಕಿ ಇರುವಾಗ, ಇಲ್ಲವೇ ಮನೆಯಲ್ಲಿ ಸಾವಾದ ದಿನ. ದಯವಿಟ್ಟು ಹಾಗೆ ಮಾಡಬೇಡಿ. ಕಾಗದದ ಅವಸರ ಇಲ್ಲದಿರುವಾಗಲೇ ಬನ್ನಿ.

ನಾನು ಊರಿನ ಸಭೆಯ (ಚರ್ಚಿನ) ಸದಸ್ಯ. ಇಲ್ಲಿ ಮತ್ತೆ ಯಾಕೆ ಸೇರಬೇಕು?

ಆರಾಧನೆಗೆ ಬರಲು ಯಾರ ಅಪ್ಪಣೆಯೂ ಬೇಡ. ಬನ್ನಿ, ಕೂರಿ, ಹಾಡಿ, ಹೋಗಿ. ಆದರೆ ಮಗುವಿನ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಸಮಾಧಿಗೆ ಜಾಗ, ವಾರ್ಷಿಕ ಸಭೆಯಲ್ಲಿ ವೋಟು, ಇವೆಲ್ಲ ಬಂದಾಗ ರಿಜಿಸ್ಟರ್ ತೆರೆಯಲೇಬೇಕಾಗುತ್ತದೆ.

"ನಮ್ಮ ಹೆಸರು ಊರಲ್ಲೇ ಇದೆಯಲ್ಲ" ಅಂತ ಇಪ್ಪತ್ತು ವರ್ಷ ತಳ್ಳಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಷ್ಟರೊಳಗೆ ಊರಿನ ಸಭೆಗೆ ನಾಲ್ಕೈದು ಮಂದಿ ಅಯ್ಯನವರು (ಸಭಾಪಾಲಕರು) ಬಂದು ಹೋಗಿರುತ್ತಾರೆ. ಈಗಿರುವವರಿಗೆ ನಿಮ್ಮ ಅಪ್ಪನ ಹೆಸರು ಹೇಳಿದರೂ ಗುರುತು ಹತ್ತುವುದಿಲ್ಲ. ಇಲ್ಲಿಯ ಅಯ್ಯನವರಿಗೆ ನೀವು ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುವ ಯಾರೋ ಒಬ್ಬರು. ಕಷ್ಟ ಬಂದ ದಿನ ಎರಡೂ ಕಡೆ ಯಾರೂ ನಿಮ್ಮ ಬಗ್ಗೆ ಬರೆದುಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಊರಿಂದ ಏನೇನು ತರಬೇಕು?

ಮುಖ್ಯವಾಗಿ ವರ್ಗಾವಣೆ ಪತ್ರ. ಊರಿನ ಸಭಾಪಾಲಕರ ಸಹಿ, ಸಭೆಯ ಮೊಹರು, ನಿಮ್ಮ ದೀಕ್ಷಾಸ್ನಾನದ ದಿನಾಂಕ, ದೃಢೀಕರಣ (ನಂಬಿಕೆಯನ್ನು ಖಚಿತಪಡಿಸುವ ಸಂಸ್ಕಾರ) ಆಗಿದ್ದರೆ ಅದರ ದಿನಾಂಕ, ಜೊತೆಗೆ ಬಂದಿರುವ ಹೆಂಡತಿ ಮಕ್ಕಳ ಹೆಸರು, ಇಷ್ಟು ಅದರಲ್ಲಿ ಇರಲಿ. ದೀಕ್ಷಾಸ್ನಾನದ ಪ್ರಮಾಣಪತ್ರದ ಒಂದು ಜೆರಾಕ್ಸ್, ಆಧಾರ್ ಜೆರಾಕ್ಸ್, ಮದುವೆ ಆಗಿದ್ದರೆ ಅದರ ಸರ್ಟಿಫಿಕೇಟು. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ನಾವು ತಾತ್ಕಾಲಿಕವಾಗಿ ಬರೆದುಕೊಳ್ಳುತ್ತೇವೆ, ಮೂಲಪತ್ರ ಮಾತ್ರ ಆಮೇಲೆ ಕೈಗೆ ಬರಲೇಬೇಕು.

ತೊಂದರೆ ಆಗುವುದು ಹೆಸರಿನಲ್ಲಿ. ಮೊನ್ನೆ ಒಬ್ಬ ಹುಡುಗ ಪತ್ರ ತಂದಿದ್ದ. ಸತ್ಯವೇದದ ಒಳಗೆ ಮಡಚಿ ಇಟ್ಟು ಅದರ ಮಡಿಕೆಯಲ್ಲೇ ಹರಿದಿತ್ತು, ಮೊಹರಿನ ನೇರಳೆ ಮಸಿ ಊರಿನ ಹೆಸರಿನ ಮೇಲೆ ಹರಡಿತ್ತು. ಅದರಲ್ಲಿ ಅವನು ಯೋಹಾನ, ಆಧಾರಿನಲ್ಲಿ ಜಾನ್, ಶಾಲೆಯ ಟಿಸಿಯಲ್ಲಿ ಅಜ್ಜಿ ಇಟ್ಟ ಇನ್ನೊಂದೇ ಹೆಸರು. ಮೂರೂ ಅವನೇ ಅಂತ ನಮಗೆ ಗೊತ್ತು. ಆದರೆ ನಾಳೆ ಮದುವೆ ನೋಂದಣಿಗೆ ಹೋದಾಗ ಅಲ್ಲಿ ಕೂತ ಕ್ಲಾರ್ಕಿಗೆ ಗೊತ್ತಾಗಬೇಕಲ್ಲ. ಅದಕ್ಕೆ ಪತ್ರ ಬರೆಸುವಾಗಲೇ "ಯೋಹಾನ, ಆಧಾರಿನಲ್ಲಿ ಜಾನ್ ಎಂದು ಇರುವವರು" ಅಂತ ಒಂದು ಸಾಲು ಸೇರಿಸಲು ಹೇಳಿ. ಒಂದೇ ಒಂದು ಸಾಲು, ಆದರೆ ಮುಂದೆ ಎಷ್ಟೋ ಓಡಾಟ ತಪ್ಪುತ್ತದೆ.

ಪತ್ರ ಕೇಳಿದರೆ ಊರಿನವರು ಹಳೇ ಬಾಕಿ ಕಟ್ಟು ಅನ್ನುತ್ತಾರೆ. ಏನು ಮಾಡಲಿ?

ವರ್ಷದ ಸದಸ್ಯತ್ವದ ಕಾಣಿಕೆ ಬಾಕಿ ಇದ್ದರೆ ಕೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆಗುವಷ್ಟು ಕೊಟ್ಟು, ಮಾತಾಡಿ ಮುಗಿಸಿ. ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು. ಹಬ್ಬಕ್ಕೆ ಊರಿಗೆ ಹೋದಾಗ ಅಯ್ಯನವರ ಮನೆಗೇ ಹೋಗಿ, ಚಹಾ ಕುಡಿದು, ಪತ್ರ ತೆಗೆದುಕೊಂಡೇ ಬನ್ನಿ.

ಮುಂಬೈಯಲ್ಲಿ ಎಷ್ಟೊಂದು ಚರ್ಚುಗಳಿವೆ. ಊರಿನ ಸಭೆಗೆ ಸರಿಹೊಂದುವುದು ಯಾವುದು?

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ಮಂಗಳೂರು, ಉಡುಪಿ ಕಡೆಯ ಹಳೇ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹಳಷ್ಟು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕಟ್ಟಿದವು. ಈಗ ಅವು ಹೆಚ್ಚಾಗಿ ಸಿ.ಎಸ್.ಐ.ಯಲ್ಲಿವೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ. ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರಿನಲ್ಲಿ. ಮಹಾರಾಷ್ಟ್ರ ಸಾಮಾನ್ಯವಾಗಿ ಅದರ ವ್ಯಾಪ್ತಿಯಲ್ಲಿ ಬರುವುದಿಲ್ಲ. ಇಲ್ಲಿ ಹೆಚ್ಚಾಗಿ ಇರುವುದು ಸಿ.ಎನ್.ಐ. (ಚರ್ಚ್ ಆಫ್ ನಾರ್ತ್ ಇಂಡಿಯಾ), 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಸೇರಿ ಒಂದಾದದ್ದು. ಫೋರ್ಟಿನ ಸೇಂಟ್ ಥಾಮಸ್ ಕೆಥೆಡ್ರಲ್ ನೋಡಿರುತ್ತೀರಿ, 1718ರಲ್ಲಿ ತೆರೆದದ್ದು, ಅದು ಸಿ.ಎನ್.ಐ.ಯದು. ಸಿ.ಎಸ್.ಐ., ಸಿ.ಎನ್.ಐ., ಕೇರಳ ಮೂಲದ ಮಾರ್ತೋಮಾ ಸಭೆ ಮೂರಕ್ಕೂ ಒಬ್ಬರನ್ನೊಬ್ಬರು ಒಪ್ಪಿಕೊಳ್ಳುವ ಒಪ್ಪಂದ ಇದೆ. ಹಾಗಾಗಿ ಸಿ.ಎಸ್.ಐ. ಪತ್ರ ತಂದವರು ಸಿ.ಎನ್.ಐ. ಸಭೆಗೆ ಸೇರಲು ಮತ್ತೆ ದೀಕ್ಷಾಸ್ನಾನ, ಮತ್ತೆ ದೃಢೀಕರಣ ಅಂತೆಲ್ಲ ಏನೂ ಇಲ್ಲ.

ಬೀದರ್, ಕಲಬುರಗಿ ಕಡೆಯವರು ಹೆಚ್ಚಾಗಿ ಮೆಥೊಡಿಸ್ಟರು. ನೀವು ಸೀದಾ ಮೆಥೊಡಿಸ್ಟ್ ಸಭೆಗೇ ಹೋಗಿ, ಮುಂಬೈಗೆ ಆ ಸಭೆ 1870ರ ದಶಕದಲ್ಲೇ ಬಂದಿದೆ. ಅವರೂ ಸಿ.ಎನ್.ಐ.ಗೆ ಸೇರಬೇಕಿತ್ತು, ಮಾತುಕತೆ ಎಲ್ಲ ಆಗಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು, ಆಮೇಲೆ 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಅಂತ ಸ್ವತಂತ್ರರಾದರು. ಒಂದೇ ರಸ್ತೆಯಲ್ಲಿ ಎರಡು ಚರ್ಚು, ಎರಡು ಬೋರ್ಡು ಯಾಕೆ ಅಂತ ಮಕ್ಕಳು ಕೇಳುತ್ತಾರಲ್ಲ, ಕಾರಣ ಇಂಥವೇ.

ಬ್ರದರನ್ ಮತ್ತು ಪೆಂಟಕೋಸ್ಟಲ್ ಸಭೆಗಳ ಲೆಕ್ಕ ಬೇರೆ. ಅವರು ಚಿಕ್ಕಂದಿನಲ್ಲಿ ತಲೆಗೆ ನೀರು ಹಾಕಿದ್ದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಿಳಿವಳಿಕೆ ಬಂದ ಮೇಲೆ, ಸ್ವಂತ ನಂಬಿಕೆಯಿಂದ, ನೀರಿನಲ್ಲಿ ಮುಳುಗಿ ತೆಗೆದುಕೊಳ್ಳಬೇಕು ಅನ್ನುತ್ತಾರೆ. ಅಜ್ಜನ ಕಾಲದಿಂದ ಸಭೆಯಲ್ಲಿದ್ದವರಿಗೆ ಇದು ಬೇಜಾರಾಗಬಹುದು. ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ, ಆಮೇಲೆ ಜಗಳ ಬೇಡ.

ಕನ್ನಡದಲ್ಲೇ ಆರಾಧನೆ ಸಿಗುತ್ತದಾ?

ಸಿಗುತ್ತದೆ, ಆದರೆ ಮನೆ ಹತ್ತಿರವೇ ಸಿಗುತ್ತದೆ ಅನ್ನುವ ಆಸೆ ಬೇಡ. ಮುಂಬೈಯಲ್ಲಿ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಇಂಗ್ಲಿಷ್, ಆಮೇಲೆ ಮರಾಠಿ, ಮಧ್ಯಾಹ್ನ ತಮಿಳು ಅಂತ ಸರದಿ ಇರುತ್ತದೆ. ಕನ್ನಡದವರಿಗೆ ಸಿಗುವುದು ಸಾಮಾನ್ಯವಾಗಿ ಉಳಿದವರು ಬೇಡ ಅಂದ ಹೊತ್ತು. ಹಿಂದಿನ ಆರಾಧನೆ ತಡವಾದರೆ ನಾವು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತೇವೆ. ಅಲ್ಲೇ ಊರಿನ ಸುದ್ದಿ, ಮಳೆ ಬೆಳೆ, ಯಾರ ಮಗಳಿಗೆ ಗಂಡು ನೋಡಿದರು, ಎಲ್ಲ ಆಗಿಬಿಡುತ್ತದೆ.

ಡೊಂಬಿವಲಿ, ನಾಲಾಸೋಪಾರ, ವಾಶಿಯಿಂದ ಬರುವವರಿಗೆ ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ಟ್ರೇನು ನಿಲ್ಲಿಸುವುದು) ಬೇರೆ. ಅದಕ್ಕೆ ನನ್ನ ಸಲಹೆ ಇಷ್ಟು: ಮನೆ ಹತ್ತಿರದ ಮರಾಠಿ ಅಥವಾ ಇಂಗ್ಲಿಷ್ ಸಭೆಯನ್ನೂ ಒಮ್ಮೆ ನೋಡಿ. ಮಕ್ಕಳು ಸಂಡೇ ಸ್ಕೂಲಿಗೆ ಹೋಗಬೇಕಾದ ವಯಸ್ಸಿನಲ್ಲಿ ಎರಡು ಟ್ರೇನು ಬದಲಿಸಿ ತಿಂಗಳಿಗೊಮ್ಮೆ ಬರುವುದಕ್ಕಿಂತ, ನಡೆದು ಹೋಗುವಷ್ಟು ದೂರದಲ್ಲಿ ಪ್ರತಿ ವಾರ ಹೋಗುವುದು ಒಳ್ಳೆಯದು. ಕನ್ನಡ ಸಭೆಯ ರಿಜಿಸ್ಟರ್ ಹಿಡಿದವನೇ ಹೀಗೆ ಹೇಳಬಹುದಾ ಅಂತ ಕಮಿಟಿಯಲ್ಲಿ ನನ್ನನ್ನು ಕೇಳಿದವರಿದ್ದಾರೆ. ಆದರೂ ಹೇಳುತ್ತೇನೆ.

ನಾವು ಕಥೋಲಿಕರು. ನಮಗೂ ವರ್ಗಾವಣೆ ಪತ್ರ ಬೇಕಾ?

ನಿಮ್ಮ ಕ್ರಮ ಬೇರೆ, ನಮಗಿಂತ ಸುಲಭ. ಕಥೋಲಿಕ ಸಭೆಯಲ್ಲಿ ನೀವು ವಾಸ ಇರುವ ಜಾಗದ ಪ್ಯಾರಿಷ್ಷೇ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ನಿಮ್ಮ ಪ್ಯಾರಿಷ್. ಮೂರು ತಿಂಗಳಾದರೂ ಇಲ್ಲಿರುತ್ತೇನೆ ಅಂತ ಬಂದು ನೆಲೆಸಿದರೆ ಸಾಕು, ಸಭೆಯ ಕಾನೂನಿನ ಪ್ರಕಾರ ನೀವು ಆ ಪ್ಯಾರಿಷ್ಷಿನವರು. ಪ್ಯಾರಿಷ್ ಆಫೀಸಿಗೆ ಹೋಗಿ ಕುಟುಂಬದ ಹೆಸರು ಬರೆಸಿ. ಬಿಲ್ಡಿಂಗ್ ಹೆಸರು ಹೇಳಿದರೆ ಯಾವ ಚಿಕ್ಕ ಸಮುದಾಯಕ್ಕೆ ಸೇರುತ್ತೀರಿ ಅಂತ ಅವರೇ ಹೇಳುತ್ತಾರೆ. ಮಂಗಳೂರು ಕಡೆಯವರಿಗೆ ವಾಡೊ (ಪ್ಯಾರಿಷ್ಷಿನ ಒಂದು ವಾರ್ಡು), ಗುರ್ಕಾರ್ (ಅದರ ಮುಖಂಡ) ಅಂದರೆ ತಕ್ಷಣ ಗೊತ್ತಾಗುತ್ತದೆ, ಹೆಚ್ಚುಕಡಿಮೆ ಅದೇ ಇದು. ಕೆಲವು ಪ್ಯಾರಿಷ್‌ಗಳಲ್ಲಿ ಕೊಂಕಣಿ ಪೂಜೆಯೂ ಇದೆ.

ನಿಮ್ಮ ಮೂಲ ದಾಖಲೆ ಮಾತ್ರ ನೀವು ಜ್ಞಾನಸ್ನಾನ (ನಾವು ದೀಕ್ಷಾಸ್ನಾನ ಅನ್ನುವುದು) ಪಡೆದ ಚರ್ಚಿನಲ್ಲೇ ಉಳಿಯುತ್ತದೆ. ಆಮೇಲೆ ದೃಢೀಕರಣ ಆದರೂ ಮದುವೆ ಆದರೂ ಆ ಸುದ್ದಿ ಅಲ್ಲಿಗೆ ಹೋಗಿ ಅದೇ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಅದಕ್ಕೇ ಮದುವೆ ಸಮಯದಲ್ಲಿ "ಹಳೇ ಸರ್ಟಿಫಿಕೇಟ್ ಬೇಡ, ಹೊಸದಾಗಿ ತೆಗೆಸಿಕೊಂಡು ಬನ್ನಿ" ಅನ್ನುತ್ತಾರೆ. ಫಾದರ್ ಸುಮ್ನೆ ಸತಾಯಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಮಗುವಿಗೆ ಜ್ಞಾನ ತಂದೆ, ಜ್ಞಾನ ತಾಯಿ ಆಗುವವರಿಗೆ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು. ಇದನ್ನೂ ಮೊದಲೇ ನೋಡಿಕೊಳ್ಳಿ. ಚಿಕ್ಕಪ್ಪನ ಮಗ ಊರಿಂದ ಟಿಕೆಟ್ ತೆಗೆಸಿ ಬಂದ ಮೇಲೆ ಆಗಲ್ಲ ಅಂದರೆ ಮನೆಯಲ್ಲಿ ರಾಮಾಯಣ.

ಗೋವಾದಲ್ಲಿ ಏನು ಬೇರೆ?

ಹುಬ್ಬಳ್ಳಿ, ಬಿಜಾಪುರ, ಬಾಗಲಕೋಟೆ ಕಡೆಯಿಂದ ವಾಸ್ಕೋ, ಮಡಗಾಂವ್ ಕಡೆ ಕೆಲಸಕ್ಕೆ ಹೋದವರು ಕೇಳುತ್ತಿರುತ್ತಾರೆ. ಅಲ್ಲಿ ಊರಿನ ದೊಡ್ಡ ಚರ್ಚು ಅಂದರೆ ಕಥೋಲಿಕರದ್ದು, ಪೂಜೆ ಕೊಂಕಣಿಯಲ್ಲಿ, ಪುಸ್ತಕ ರೋಮಿ (ಇಂಗ್ಲಿಷ್ ಅಕ್ಷರದ) ಲಿಪಿಯಲ್ಲಿ. ಕನ್ನಡದ ಪ್ರಾರ್ಥನಾ ಕೂಟಗಳು ಹೆಚ್ಚಾಗಿ ಮನೆಗಳಲ್ಲಿ, ಬಾಡಿಗೆ ಹಾಲಿನಲ್ಲಿ ನಡೆಯುತ್ತವೆ.

ಗೋವಾದ ಹಳ್ಳಿಗಳಲ್ಲಿ ಪ್ಯಾರಿಷ್ ಬೇರೆ, ಕೊನ್ಫ್ರಾರಿಯ (ಚರ್ಚಿನ ಹಬ್ಬ ನಡೆಸುವ ಸಂಘ) ಬೇರೆ ಅನ್ನುವುದು ತಿಳಿದಿರಲಿ. ಹಬ್ಬದ ದಿನ ಕೆಂಪು ಮೇಲಂಗಿ ಹಾಕಿ ಮೆರವಣಿಗೆಯಲ್ಲಿ ಹೋಗುವವರು ಕೊನ್ಫ್ರಾರಿಯದವರು. ಹಲವು ಕಡೆ ಅದು ಹಳೇ ಗಾಂವ್ಕಾರ್ (ಊರಿನ ಮೂಲ ನಿವಾಸಿ) ಮನೆತನಗಳ ಪಾಲು. ಹೊರಗಿನಿಂದ ಬಂದವರು ಪ್ಯಾರಿಷ್ಷಿಗೆ ಸೇರಬಹುದು, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳಬಹುದು. ಕೊನ್ಫ್ರಾರಿಯಕ್ಕೆ ಕರೆಯಲಿಲ್ಲ ಅಂತ ಮನಸ್ಸು ಕೆಡಿಸಿಕೊಳ್ಳಬೇಡಿ, ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಗೋವಾದವರಿಗೂ ಅದರಲ್ಲಿ ಜಾಗ ಇಲ್ಲ.

ಮದುವೆ ವಿಷಯದಲ್ಲೂ ಗೋವಾ ಬೇರೆ. ಅಲ್ಲಿ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಿಂದಲೇ ಕೆಲಸ ಶುರು ಮಾಡಬೇಕು, ಚರ್ಚಿನ ಮದುವೆ ಒಂದರಿಂದಲೇ ಮುಗಿಯುವುದಿಲ್ಲ.

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವನಲ್ಲ. ಪ್ರಾರ್ಥನೆಗೆ ಬರುತ್ತಿದ್ದೇನೆ. ಸದಸ್ಯ ಆಗಬಹುದಾ?

ಆಗಬಹುದು. ಮೊದಲು ಸುಮ್ಮನೆ ಬರುತ್ತಿರಿ. ಮಾಹಿಮಿನ ಸೇಂಟ್ ಮೈಕಲ್ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆಗೆ, ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಹೋಗುತ್ತಾರೆ. ಹರಕೆ ಹೊತ್ತವರು ಹೋಗಿ ಬಂದು ಎಂದಿನ ಹಾಗೆ ಮನೆ ದೇವರಿಗೂ ಕೈ ಮುಗಿಯುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಸದಸ್ಯತ್ವ ಹಾಗಲ್ಲ. ಅದಕ್ಕೆ ಎಲ್ಲರೆದುರು ನಿಂತು ನಂಬಿಕೆ ಹೇಳಿ, ದೀಕ್ಷಾಸ್ನಾನ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಅದಕ್ಕೆ ಕೆಲವು ತಿಂಗಳ ತರಗತಿ ಇದೆ: ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು, ನಂಬಿಕೆಯ ಪ್ರಮಾಣ, ಸುವಾರ್ತೆಗಳನ್ನು ಓದುವುದು. ಓದಲು ಬರದವರಿಗೆ ಬಾಯಿಪಾಠ. ಕಥೋಲಿಕರಲ್ಲಿ ಇದು ಇನ್ನೂ ಕ್ರಮಬದ್ಧ, ಒಂದು ವರ್ಷ ಅಥವಾ ಅದಕ್ಕೂ ಜಾಸ್ತಿ. ತಪಸ್ಸುಕಾಲದ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳು) ಮೊದಲ ಭಾನುವಾರ ಜ್ಞಾನಸ್ನಾನಕ್ಕೆ ಆರಿಸಿದವರ ಹೆಸರು ಹೇಳುತ್ತಾರೆ, ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ ಕೊಡುತ್ತಾರೆ. ಪ್ರೊಟೆಸ್ಟೆಂಟರು ಕಥೋಲಿಕರಾಗುವಾಗ, ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ನೀರಿನಿಂದ ದೀಕ್ಷೆ ಆಗಿದ್ದರೆ, ಮತ್ತೆ ಕೊಡುವುದಿಲ್ಲ.

ಎರಡೇ ವಾರದಲ್ಲಿ ದೀಕ್ಷಾಸ್ನಾನ ಕೊಡುತ್ತೇವೆ ಅನ್ನುವವರಿಂದ ಸ್ವಲ್ಪ ದೂರ ಇರಿ. ಕೆಲಸ, ದುಡ್ಡು, ಶಾಲೆ ಸೀಟು, ಕಾಯಿಲೆ ವಾಸಿ, ಇವುಗಳ ಆಸೆ ತೋರಿಸುವವರಿಂದ ಇನ್ನೂ ದೂರ ಇರಿ. ಸಂವಿಧಾನದ 25ನೇ ವಿಧಿ ಇಷ್ಟಪಟ್ಟ ಧರ್ಮ ಪಾಲಿಸುವ ಹಕ್ಕು ಕೊಟ್ಟಿದೆ. ಆಮಿಷ, ಬಲವಂತದ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ, ಬದಲಾಗುತ್ತಲೂ ಇರುತ್ತದೆ. ನೀವು ಇರುವ ರಾಜ್ಯದಲ್ಲಿ ಈಗ ಯಾವುದು ಜಾರಿಯಲ್ಲಿದೆ ಅಂತ ಒಬ್ಬ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ವಕೀಲರ ಹತ್ತಿರ ಹೋಗುವುದು ನಂಬಿಕೆ ಕಮ್ಮಿ ಅನ್ನುವುದರ ಲಕ್ಷಣ ಅಲ್ಲ.

ಮನೆಯವರಿಗೆ ಗೊತ್ತಾಗದ ಹಾಗೆ ಮಾಡಿಕೊಡ್ತೀರಾ?

ಇಲ್ಲ. 18 ತುಂಬದವರಾದರೆ ತಂದೆ ತಾಯಿ ಒಪ್ಪಿಗೆ ಇಲ್ಲದೆ ಮಾತೇ ಇಲ್ಲ. ದೊಡ್ಡವರಿಗೂ ನಾವು ಹೇಳುವುದು, ಮೊದಲು ಮನೆಯಲ್ಲಿ ಕೂತು ಮಾತಾಡಿ ಅಂತ. ಮದುವೆಯಾದವರಿಗೆ ಇನ್ನೊಂದು ಮಾತು: ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಗಂಡ ಅಥವಾ ಹೆಂಡತಿ ಬೇರೆ ಧರ್ಮಕ್ಕೆ ಹೋದರೆ, ಇನ್ನೊಬ್ಬರು ವಿಚ್ಛೇದನ ಕೇಳಲು ಅದೊಂದು ಕಾರಣ ಆಗುತ್ತದೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಒಬ್ಬ ಅಕ್ಕ ವರ್ಷಗಟ್ಟಲೆ ಆರಾಧನೆಗೆ ಬಂದರು, ದೀಕ್ಷಾಸ್ನಾನ ಮಾತ್ರ ಕೇಳಲಿಲ್ಲ, ಗಂಡ ತಾನಾಗಿ "ಹೋಗು" ಅನ್ನುವ ತನಕ ಕಾದರು. ಅಷ್ಟು ವರ್ಷ ಯಾರೂ ಅವರನ್ನು ಅವಸರ ಮಾಡಲಿಲ್ಲ, ಮಾಡಲೂಬಾರದು.

ದೀಕ್ಷಾಸ್ನಾನ ಆದರೆ ಜಾತಿ ಪ್ರಮಾಣಪತ್ರ ಏನಾಗುತ್ತದೆ?

ಈ ಪ್ರಶ್ನೆಯನ್ನು ಜನ ಮೇಜಿನ ಹತ್ತಿರ ಕೇಳುವುದಿಲ್ಲ, ಎಲ್ಲರೂ ಹೋದ ಮೇಲೆ ಹಿಂದಿನಿಂದ ಬಂದು ಮೆಲ್ಲಗೆ ಕೇಳುತ್ತಾರೆ. ಅದಕ್ಕೆ ಇಲ್ಲಿ ಬಿಡಿಸಿ ಹೇಳುತ್ತೇನೆ.

ಪರಿಶಿಷ್ಟ ಜಾತಿಗಳ ಬಗ್ಗೆ 1950ರ ಸಂವಿಧಾನ ಆದೇಶ ಇದೆ. ಅದರ ಮೂರನೇ ಪ್ಯಾರಾ ಪ್ರಕಾರ ಹಿಂದೂ ಧರ್ಮದವರನ್ನು ಮಾತ್ರ ಪರಿಶಿಷ್ಟ ಜಾತಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಅಂದರೆ ಕ್ರೈಸ್ತರಾದವರು ಪರಿಶಿಷ್ಟ ಜಾತಿಯ ಮೀಸಲಾತಿ ಕೇಳುವಂತಿಲ್ಲ. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ಷರತ್ತು ಇಲ್ಲ.

ಇದು ಸರಿಯಾ ತಪ್ಪಾ ಅಂದರೆ, ನನ್ನ ಪ್ರಕಾರ ಅನ್ಯಾಯ. ಚರ್ಚಿಗೆ ಹೋದ ಮಾತ್ರಕ್ಕೆ ಊರಿನಲ್ಲಿ ಯಾರೂ ಇವರನ್ನು ಬೇರೆ ಥರ ನೋಡುವುದಿಲ್ಲ, ಕೇರಿ ಅದೇ, ಬಾವಿ ಅದೇ. ಇನ್ನೂ ನೋವಿನ ವಿಷಯ ಅಂದರೆ ಸಭೆಯ ಒಳಗೂ ಮದುವೆ ಮಾತು ಬಂದಾಗ ಜಾತಿ ತಲೆ ಎತ್ತುತ್ತದೆ. ದಲಿತ ಕ್ರೈಸ್ತರು ಈ ಆದೇಶ ಬದಲಾಗಬೇಕು ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ, ಸುಪ್ರೀಂ ಕೋರ್ಟಿಗೂ ಹೋಗಿದ್ದಾರೆ. ಆದರೆ ನಮ್ಮ ಅಭಿಪ್ರಾಯ ಏನೇ ಇರಲಿ, ಕಾಗದ ತೋರಿಸುವುದು ಕಾಯ್ದೆಗೆ. ಭಾನುವಾರ ಸಭೆಯಲ್ಲಿ ಹೆಸರು, ಸೋಮವಾರ ಆಫೀಸಿನಲ್ಲಿ ಹಳೇ ಪ್ರಮಾಣಪತ್ರ, ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಂದೆ ಕೆಲಸಕ್ಕೇ ಕುತ್ತು ಬರಬಹುದು. ಮಗಳ ಕಾಲೇಜು ಸೀಟು, ಮಗನ ಸರ್ಕಾರಿ ಕೆಲಸ ಇದರ ಮೇಲೆ ನಿಂತಿರುವಾಗ ದೀಕ್ಷಾಸ್ನಾನಕ್ಕೆ ಮೊದಲೇ ಇದನ್ನು ಮನೆಮಂದಿಯೆಲ್ಲ ಕೂತು ಮಾತಾಡಬೇಕು. ಮಾತಾಡಿ, ಈಗ ಬೇಡ ಅಂತ ನಿರ್ಧರಿಸಿದವರನ್ನು ನಾವು ಕೀಳಾಗಿ ನೋಡುವುದಿಲ್ಲ. ಅವರೂ ನಮ್ಮ ಪಕ್ಕದಲ್ಲೇ ಕೂತು ಹಾಡುತ್ತಾರೆ.

ಹೆಸರು ಬದಲಾಯಿಸಲೇಬೇಕಾ?

ಬೇಡ. ಶಿವಪ್ಪ ಶಿವಪ್ಪನಾಗಿಯೇ ಇರಬಹುದು. ಬದಲಾಯಿಸುವ ಇಷ್ಟ ಇದ್ದರೆ ಮಹಾರಾಷ್ಟ್ರದಲ್ಲಿ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟಣೆ ಕೊಡಬೇಕು. ಹೆಸರಿಗೂ ಧರ್ಮಕ್ಕೂ ಅರ್ಜಿ ಬೇರೆ ಬೇರೆ. ಚರ್ಚಿನ ಸರ್ಟಿಫಿಕೇಟ್ ಒಂದನ್ನೇ ತೋರಿಸಿದರೆ ಬ್ಯಾಂಕಿನವರು ಒಪ್ಪುವುದು ಕಷ್ಟ.

ಎಷ್ಟು ದುಡ್ಡು ಕೊಡಬೇಕು? ದಶಮಾಂಶ ಕಡ್ಡಾಯನಾ?

ಸೇರುವುದಕ್ಕೆ ಶುಲ್ಕ ಇಲ್ಲ. ವರ್ಷಕ್ಕೊಂದು ಸದಸ್ಯತ್ವದ ಕಾಣಿಕೆ ಅಂತ ಕಮಿಟಿ ನಿಗದಿ ಮಾಡಿರುತ್ತದೆ, ಅದು ಚಿಕ್ಕದು. ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಅವರವರ ಮನಸ್ಸಿಗೆ ಬಿಟ್ಟದ್ದು. ಸ್ವತಂತ್ರ ಸಭೆಗಳಲ್ಲಿ ಕೆಲವು ಕಡೆ ಸಂಬಳದ ಚೀಟಿ ಕೇಳುತ್ತಾರಂತೆ, ನನಗದು ಸರಿ ಕಾಣುವುದಿಲ್ಲ.

ಯಾವ ಸಭೆಗಾದರೂ ಸರಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳು 1950ರ ಕಾಯ್ದೆಯಡಿ ಚಾರಿಟಿ ಕಮಿಷನರ್ ಹತ್ತಿರ ನೋಂದಣಿ ಆಗಬೇಕು. ನೋಂದಣಿ ಸಂಖ್ಯೆ ಏನು, ಲೆಕ್ಕ ವಾರ್ಷಿಕ ಸಭೆಯಲ್ಲಿ ಓದುತ್ತಾರಾ, ಪಾಸ್ಟರ ಹೆಸರಿನಲ್ಲೇ ಬ್ಯಾಂಕ್ ಖಾತೆ ಇದೆಯಾ ಟ್ರಸ್ಟಿನ ಹೆಸರಿನಲ್ಲಿದೆಯಾ, ಇಷ್ಟು ಕೇಳುವುದು ತಪ್ಪಲ್ಲ. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಅಲ್ಲೇ ಉತ್ತರ ಸಿಕ್ಕಿತು. ಅಂದ ಹಾಗೆ, ಚರ್ಚಿನ ಕಾಣಿಕೆಯ ರಸೀದಿ ತೋರಿಸಿ ಆದಾಯ ತೆರಿಗೆ ಉಳಿಸುವುದು ಸಾಮಾನ್ಯವಾಗಿ ಆಗದ ಮಾತು.

ಕಾನ್ವೆಂಟ್ ಸ್ಕೂಲಿನ ಅಡ್ಮಿಷನ್ನಿಗೆ ಚರ್ಚಿನ ಪತ್ರ ಬೇಕು. ಸೇರಿಸಿಕೊಳ್ತೀರಾ?

ಜನವರಿ ಬಂತು ಅಂದರೆ ನಮ್ಮ ಸಭೆಯಲ್ಲಿ ಬೆಂಚು ತುಂಬುತ್ತದೆ, ಜೂನಿಗೆ ಖಾಲಿ. ಯಾಕೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಪತ್ರದಲ್ಲಿ ನಾವು ಬರೆಯುವುದು ರಿಜಿಸ್ಟರಿನಲ್ಲಿ ಇರುವಷ್ಟನ್ನೇ, ಸೇರಿದ ದಿನಾಂಕದ ಸಮೇತ.

ಮದುವೆ ನಮ್ಮ ಚರ್ಚಿನಲ್ಲೇ ಆಗಬೇಕು. ಎಷ್ಟು ಮೊದಲೇ ಹೇಳಬೇಕು?

ಮೂರು ತಿಂಗಳು ಮೊದಲು ಬಂದರೆ ಎಲ್ಲರಿಗೂ ನೆಮ್ಮದಿ. ಮೂರು ಭಾನುವಾರ ಮದುವೆ ಪ್ರಕಟಣೆ ಓದಬೇಕು. ಹುಡುಗಿಯದು ಬೇರೆ ಸಭೆ ಆದರೆ ಅಲ್ಲೂ ಓದಿಸಿ, ಯಾರ ತಕರಾರೂ ಇಲ್ಲ ಅಂತ ಪತ್ರ ತರಬೇಕು. ಹುಡುಗಿ ಊರಲ್ಲಿ, ಹುಡುಗ ಭಾಂಡುಪಿನಲ್ಲಿ, ಹಾಲ್ ಬುಕ್ಕಾಗಿದೆ, ಪ್ರಕಟಣೆ ಒಂದೂ ಆಗಿಲ್ಲ, ಇಂಥ ಫೋನು ಪ್ರತಿ ಮೇ ತಿಂಗಳಲ್ಲೂ ಬರುತ್ತದೆ.

ಒಬ್ಬರು ಕ್ರೈಸ್ತರಲ್ಲದಿದ್ದರೆ? 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಗೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಿದ್ದರೆ ಸಾಕು. ಆದರೆ ಕಾಯ್ದೆ ಒಪ್ಪಿದ್ದನ್ನೆಲ್ಲ ಪ್ರತಿ ಸಭೆಯೂ ಒಪ್ಪುತ್ತದೆ ಅಂತಿಲ್ಲ. ಕಥೋಲಿಕರಲ್ಲಿ ಬಿಷಪರ ಅನುಮತಿ ಬೇಕು. 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯೂ ಇದೆ, 30 ದಿನದ ನೋಟಿಸಿನ ಜೊತೆ. ಮದುವೆಗೋಸ್ಕರ ಮಾತ್ರ ದೀಕ್ಷಾಸ್ನಾನ ತೆಗೆದುಕೋ ಅಂತ ಹುಡುಗಿಯ ಮೇಲೆ ಒತ್ತಡ ಹಾಕುವ ಅತ್ತೆಮಾವಂದಿರಿಗೆ ನಮ್ಮ ಅಯ್ಯನವರು ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾರೆ.

ಸಮಾಧಿಗೂ ಸದಸ್ಯತ್ವಕ್ಕೂ ಏನು ಸಂಬಂಧ?

ಊರಲ್ಲಿ ಹೊಲದ ಮೂಲೆಯಲ್ಲೋ ಸಭೆಯ ಜಾಗದಲ್ಲೋ ಮಣ್ಣು ಮಾಡಬಹುದು. ಮುಂಬೈಯಲ್ಲಿ ಜಾಗ ಎಲ್ಲಿದೆ? ಶಿವಡಿಯ ಕ್ರೈಸ್ತ ಸ್ಮಶಾನ ದೊಡ್ಡದು, ಕಥೋಲಿಕರ ಹಲವು ಪ್ಯಾರಿಷ್‌ಗಳಿಗೆ ತಮ್ಮದೇ ಸ್ಮಶಾನ ಇದೆ. ಎಲ್ಲಿ ಹೋದರೂ ಮೊದಲು ಕೇಳುವುದು ಯಾವ ಸಭೆ, ಅಯ್ಯನವರ ಪತ್ರ ಎಲ್ಲಿ ಅಂತ. ಸದಸ್ಯರಾಗಿದ್ದರೆ ರಾತ್ರಿ ಹನ್ನೊಂದಕ್ಕೆ ಫೋನು ಬಂದರೂ ಬೆಳಿಗ್ಗೆಯೊಳಗೆ ಪತ್ರ, ಪೆಟ್ಟಿಗೆ, ಗಾಡಿ, ಹಾಡುವವರು, ಎಲ್ಲ ಸಭೆಯೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ದುಃಖದಲ್ಲಿರುವ ಮಗ ಶವಾಗಾರದ ಬಾಗಿಲಲ್ಲಿ ನಿಂತು ಗೂಗಲ್ಲಿನಲ್ಲಿ ಚರ್ಚಿನ ನಂಬರ್ ಹುಡುಕುತ್ತಿರುತ್ತಾನೆ. ಆಗಲೂ ನಾವು ಇಲ್ಲ ಅನ್ನುವುದಿಲ್ಲ, ಆದರೆ ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ.

ಇನ್ನೊಂದು ವಿಷಯ ಊರಿನ ಹಿರಿಯರಿಗೆ ಹೇಳಿರಿ: ಜಾಗ ಕಮ್ಮಿ ಇರುವುದರಿಂದ ಇಲ್ಲಿ ಹೆಚ್ಚಿನ ಸಮಾಧಿಗಳು ಶಾಶ್ವತ ಅಲ್ಲ. ಕೆಲವು ವರ್ಷ ಆದ ಮೇಲೆ ತೆರೆದು, ಎಲುಬುಗಳನ್ನು ಗೋಡೆಯ ಗೂಡಿಗೆ ಸೇರಿಸಿ, ಅದೇ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಅಮ್ಮನ ಸಮಾಧಿಗೆ ಕಲ್ಲು ಹಾಕಿಸಬೇಕು ಅಂತ ಇದ್ದರೆ ಮೊದಲೇ ನಿಯಮ ಕೇಳಿ.

ಭಾನುವಾರವೂ ಡ್ಯೂಟಿ. ಆರಾಧನೆಗೆ ಬರಲಾಗದಿದ್ದರೆ ಹೆಸರು ತೆಗೀತೀರಾ?

ಹೋಟೆಲ್, ಆಸ್ಪತ್ರೆ, ಸೆಕ್ಯುರಿಟಿ ಕೆಲಸದವರಿಗೆ ಭಾನುವಾರ ರಜೆ ಇಲ್ಲ ಅಂತ ನಮಗೆ ಗೊತ್ತು. ವಾರದ ಮಧ್ಯೆ ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಬನ್ನಿ. ಅದೂ ಆಗದಿದ್ದರೆ ಫೋನಾದರೂ ಮಾಡಿ. ವರ್ಷಗಟ್ಟಲೆ ಸುದ್ದಿಯೇ ಇಲ್ಲದವರ ಹೆಸರನ್ನು ಸಭೆಯ ಮತದಾರರ ಪಟ್ಟಿಯಿಂದ ತೆಗೆಯುತ್ತಾರೆ, ರಿಜಿಸ್ಟರಿನಿಂದ ತೆಗೆಯುವುದಿಲ್ಲ.

ವೋಟು ಯಾವಾಗ ಸಿಗುತ್ತದೆ?

ದೃಢೀಕರಣ ಆಗಿ ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುವವರಿಗೆ, ವರ್ಷದ ಕಾಣಿಕೆ ಬಾಕಿ ಇಲ್ಲದವರಿಗೆ. ಎಷ್ಟು ತಿಂಗಳು ಸದಸ್ಯರಾಗಿರಬೇಕು ಅನ್ನುವುದು ಸಭೆಯಿಂದ ಸಭೆಗೆ ಬೇರೆ. ಚುನಾವಣೆಗೆ ಒಂದು ವಾರ ಮೊದಲು ಲಾರಿ ತುಂಬ ಹೊಸ ಸದಸ್ಯರನ್ನು ಕರೆತರುವ ಆಟ ನಮ್ಮಲ್ಲೂ ಇತ್ತು, ಅದಕ್ಕೇ ಈ ನಿಯಮ.

ಎರಡು ಸಭೆಯಲ್ಲಿ ಹೆಸರು ಇಟ್ಟುಕೊಳ್ಳಬಹುದಾ?

ಇಲ್ಲ. ಊರಿನ ಸಭೆಗೆ ಕಾಣಿಕೆ ಕಳಿಸುತ್ತಿರಿ, ಜಾತ್ರೆ ಹಬ್ಬಕ್ಕೆ ಹೋಗಿ ಬನ್ನಿ, ಯಾರೂ ಬೇಡ ಅನ್ನುವುದಿಲ್ಲ. ರಿಜಿಸ್ಟರು ಮಾತ್ರ ಒಂದೇ ಕಡೆ.

ನಾಳೆ ಪುಣೆಗೋ ದುಬೈಗೋ ವರ್ಗ ಆದರೆ?

ಹೋಗುವ ಮೊದಲು ಒಂದು ಭಾನುವಾರ ಮೇಜಿನ ಹತ್ತಿರ ಬನ್ನಿ, ಪತ್ರ ಕೊಡುತ್ತೇವೆ. ಅರ್ಜಿಗೆ ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ. ಹೋಗುವ ಊರಿನ ಸಭೆ ಯಾವುದು ಅಂತ ಗೊತ್ತಿದ್ದರೆ ಹೇಳಿ, ಅಲ್ಲಿಯ ಸಭಾಪಾಲಕರ ಹೆಸರಿಗೇ ಬರೆಯುತ್ತೇವೆ. ಮರಾಠಿ ಅಥವಾ ಇಂಗ್ಲಿಷ್ ಸಭೆಗೆ ಹೋಗುವವರು ಪತ್ರ ಇಂಗ್ಲಿಷಿನಲ್ಲಿ ಬೇಕು ಅಂತ ಮೊದಲೇ ತಿಳಿಸಿ. ನಮ್ಮ ಅಯ್ಯನವರಿಗೆ ಟೈಪ್ ಮಾಡಲು ಸ್ವಲ್ಪ ಹೊತ್ತು ಬೇಕು, ಕಂಪ್ಯೂಟರ್ ಇರುವುದು ಇಂಗ್ಲಿಷ್ ಸಭೆಯ ಆಫೀಸಿನಲ್ಲಿ, ಅದರ ಕೀಲಿ ಸಿಗುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ.